ಅಜ್ಜಿ ಇರುವ ಪುಸ್ತಕ

ಸಿರುಗುಪ್ಪದಲ್ಲಿ ಮಕ್ಕಳ ಪುಸ್ತಕ ಮಾರಲು ಹೋಗಿದ್ದೆ. ಶಬಾನಾ ಎಂಬ ತಾಯಿ ಒಳಗೆ ಕರೆದರು. ಅವರ ಮಗಳು ಫೋನಿನಲ್ಲಿ ಯುದ್ಧ ನೋಡಿ, ನಾವೂ ಮನೆ ಬಿಡಬೇಕಾ ಎಂದು ದಿನಾ ಕೇಳುತ್ತಾಳಂತೆ.

"ಸುಳ್ಳು ಹೇಳಬಾರ್ದು, ಹೆದರಿಸಲೂಬಾರ್ದು. ನಮ್ಮಂಥವರ ಕಥಿ ಇದ್ರ ಕೊಡ್ರಿ, ಅಜ್ಜಾರ."

ಯುದ್ಧಕ್ಕೆ ಹೆದರಿ ಊರು ಬಿಡುವ ಮುಸ್ಲಿಂ ಕುಟುಂಬವೊಂದರ ಕಥೆ ಕೊಟ್ಟೆ. ಅದರಲ್ಲಿ ಯಾರೂ ಸಾಯುವುದಿಲ್ಲ. ಹುಡುಗಿ ಅಲ್ಲೇ ಕೂತು ಓದಿ ಮುಗಿಸಿದಳು.

"ಆಡು ಸುದ್ದಾ ಕರಕೊಂಡು ಹೋಗ್ಯಾರ. ಇವರ ದಾದಿ ಎಲ್ಲಿ?"

ನಾನು ಹಾಳೆ ತಿರುವಿ ನೋಡಿದೆ; ಅಜ್ಜಿ ಎಲ್ಲೂ ಇರಲಿಲ್ಲ. ಮಂಚದ ಮೇಲೆ ಮಲಗಿದ್ದ ಅವಳ ದಾದಿ, ಅಂದರೆ ಅಪ್ಪನ ತಾಯಿ, ಎದ್ದು ಕೂತರು.

"ಮುದುಕಿನ್ನ ಬಿಟ್ಟು ಹೋದ್ರಾ? ಎಂಥ ಮಂದಿ ಇವರು?"

"ಅಮ್ಮಿ, ಅದು ಬರೇ ಕಥಿ," ಎಂದರು ಶಬಾನಾ.

"ಕಥ್ಯಾಗ ಆಡಿಗೆ ಜಾಗ ಐತಿ, ನನಗಿಲ್ಲೇನು?"

ಹುಡುಗಿಯ ಕಣ್ಣು ತುಂಬಿತು. ನಾನು ಚೀಲವನ್ನೆಲ್ಲ ನೆಲಕ್ಕೆ ಸುರುವಿ ಹುಡುಕಿದೆ. ಕೊನೆಗೆ ಒಂದು ಸಿಕ್ಕಿತು. ಅದರಲ್ಲಿ ಅಜ್ಜಿ ಗಾಡಿಯ ಮೇಲೆ ಕೂತು, ಗಡಿ ದಾಟುವವರೆಗೂ ಸೊಸೆಯ ಅಡುಗೆಯನ್ನು ಬೈಯುತ್ತಾಳೆ. ಹುಡುಗಿ ಗಟ್ಟಿಯಾಗಿ ಓದಿ ನಕ್ಕಳು.

"ಇದು ಖರೇ ಕಥಿ," ಎಂದರು ದಾದಿ. ಶಬಾನಾ ಅತ್ತೆಯನ್ನೊಮ್ಮೆ ನೋಡಿದರು. ಪುಸ್ತಕ ಮಾತ್ರ ಕೊಂಡರು.

ಈಗ ಯುದ್ಧದ ಕಥೆ ಆರಿಸುವಾಗ ಮೊದಲು ಅಜ್ಜಿಯನ್ನು ಹುಡುಕುತ್ತೇನೆ. ಯಾರು ಯಾರ ಮೇಲೆ ಯುದ್ಧಕ್ಕೆ ಹೋದರು ಎಂಬುದನ್ನು ಆಮೇಲೆ ನೋಡಿದರಾಯಿತು.