ಜಡ್ಜಮ್ಮ ಕೊಟ್ಟ ತೀರ್ಪು

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಜಡ್ಜಮ್ಮ ಎಂದೇ ಕರೆಯುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ. ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದು ಹೋಟೆಲಿನವರ ಹಾಸು ಹೊದಿಕೆ, ಆಫೀಸಿನವರ ಅಂಗಿ, ಸಮಾರಂಭಕ್ಕೆ ಹೊರಟವರ ಕೋಟುಗಳ ಸುಕ್ಕು ಬಿಡಿಸುವವಳು. ಆದರೆ ಅವಳ ಮೇಜಿನ ಎದುರಿನ ಗೋಡೆಗೆ ಲಾಂಡ್ರಿಯ ಯಜಮಾನರು ಹಾಕಿಸಿದ್ದ ಟೀವಿಯಲ್ಲಿ ಬರುವ ಯಾವ ಧಾರಾವಾಹಿಗೂ, ಯಾವ ಸ್ಪರ್ಧೆಗೂ ಅವಳ ತೀರ್ಪಿನಿಂದ ಬಿಡುಗಡೆ ಇರಲಿಲ್ಲ.

"ಅಲ್ಲ, ಆ ಸೊಸೆಗೆ ದೇವರು ಬಾಯಿ ಕೊಟ್ಟಿಲ್ವಾ? 'ಆ ಸರ ಕದ್ದಿದ್ದು ನಾನಲ್ಲ, ನಿಮ್ಮ ಮಗಳು' ಅಂತ ಒಂದು ಮಾತು ಹೇಳಿದ್ರೆ ನಾಳೆಗೇ ಕಥೆ ಮುಗಿಯುತ್ತೆ. ಇವಳು ಬಾಗಿಲ ಹಿಂದೆ ನಿಂತು ಸೆರಗು ಕಚ್ಕೊಂಡು ಅಳ್ತಾಳೆ. ವರ್ಷದಿಂದ ಅಳ್ತಿದ್ದಾಳೆ. ಕಣ್ಣಲ್ಲಿ ಕೆರೆ ಕಟ್ಸಿದ್ದಾಳೇನೋ!" ಎಂದು ಅವಳು ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಾ ಶುರು ಮಾಡಿದರೆ, ಬಟ್ಟೆ ಒಯ್ಯಲು ಬಂದ ಗಿರಾಕಿಗಳೂ ನಿಂತು ಕೇಳಿ ಹೋಗುತ್ತಿದ್ದರು.

ಇಷ್ಟು ಬೈಯುತ್ತಿದ್ದವಳು ಒಂದು ದಿನವೂ ನೋಡುವುದನ್ನು ತಪ್ಪಿಸುತ್ತಿರಲಿಲ್ಲ. ಮನೆ ಬಿಟ್ಟು ಹೋದ ದೊಡ್ಡಣ್ಣ ತಂಗಿಯ ಮನೆಬಾಗಿಲಿಗೆ ಬಂದು ನಿಂತ ಕಂತಿನಲ್ಲಿ ಅವಳು ಎಷ್ಟು ಅತ್ತಳೆಂದರೆ, ಯಾರದೋ ರೇಷ್ಮೆ ಅಂಗಿಯ ತೋಳು ಸುಟ್ಟು ಯಜಮಾನರಿಂದ ಸಹಸ್ರನಾಮ ಕೇಳಿಸಿಕೊಂಡಿದ್ದಳು. ಬೀಗ ಹಾಕಿದ ಮನೆಯಲ್ಲಿ ಜನರನ್ನು ಕೂಡಿಹಾಕಿ ಜಗಳ ಆಡಿಸುವ ಕಾರ್ಯಕ್ರಮವೊಂದನ್ನು ಬಿಟ್ಟರೆ ಅವಳಿಗೆ ಎಲ್ಲವೂ ಬೇಕು. "ಅದಕ್ಕೆ ಟೀವಿ ಯಾಕೆ? ನಮ್ಮ ನಲ್ಲಿ ಹತ್ರ ಕೂತ್ರೆ ಸಾಕು" ಎನ್ನುತ್ತಿದ್ದಳು. ಎಲ್ಲಕ್ಕಿಂತ ಮೇಲು ಹಾಡಿನ ಸ್ಪರ್ಧೆ. ಅಲ್ಲಿ ತೀರ್ಪುಗಾರರು ಬಾಯಿ ತೆರೆಯುವ ಮುಂಚೆಯೇ ಇವಳ ತೀರ್ಪು ಹೊರಬಿದ್ದಿರುತ್ತಿತ್ತು. ಕೆಲವು ಸಲ ಸರಿ, ಕೆಲವು ಸಲ ತಪ್ಪು. ತಪ್ಪಾದಾಗ, "ಅವರಿಗೆ ಕಿವಿ ಇಲ್ಲ" ಎಂದು ಸುಮ್ಮನಾಗುತ್ತಿದ್ದಳು.

ಈ ಮಾತುಗಳು ಊರಿಗೆ ಹರಡಿದ್ದು ಜೊತೆಗಾರ್ತಿಯೊಬ್ಬಳ ದೆಸೆಯಿಂದ. ಒಗೆಯುವ ವಿಭಾಗದ ಆ ಹೆಂಗಸಿಗೆ ಪಾಳಿ ಬದಲಾಗಿ ಧಾರಾವಾಹಿ ತಪ್ಪಿಹೋಗುತ್ತಿತ್ತು. "ನೀನೇ ಕಥೆ ಹೇಳಿ ಫೋನಲ್ಲಿ ಕಳಿಸು ಮಾರಾಯ್ತಿ" ಎಂದಳು. ಜಡ್ಜಮ್ಮ ತನ್ನ ದನಿಯಲ್ಲೇ ಹೇಳಿ, ಮುದ್ರಿಸಿ ಕಳಿಸಿದಳು. ಅವಳು ಅದನ್ನು ನಾದಿನಿಗೆ ಕಳಿಸಿದಳು, ನಾದಿನಿ ತನ್ನ ಗುಂಪಿಗೆ ಹಾಕಿದಳು. ಯಾರೋ ಪುಣ್ಯಾತ್ಮರು ಜಾಲತಾಣದಲ್ಲಿ ಅದಕ್ಕೊಂದು ಪುಟ ಮಾಡಿ, ಇಸ್ತ್ರಿಪೆಟ್ಟಿಗೆಯ ಚಿತ್ರ ಅಂಟಿಸಿ, 'ಜಡ್ಜಮ್ಮನ ತೀರ್ಪು' ಎಂದು ಹೆಸರಿಟ್ಟರು. ನೋಡನೋಡುತ್ತಲೇ ಸಾವಿರಾರು ಜನ ಕೇಳತೊಡಗಿದರು. ಬಸ್ಸಿನಲ್ಲಿ ಅಪರಿಚಿತನೊಬ್ಬನ ಫೋನಿನಿಂದ ತನ್ನದೇ ದನಿ ಕೇಳಿಬಂದ ದಿನ ಅವಳು ಇಳಿಯಬೇಕಾದ ನಿಲ್ದಾಣವನ್ನೇ ಮರೆತು ಮುಂದೆ ಹೋಗಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ತನ್ನ ಮಾತಿಗೆ ಯಾರಾದರೂ ಕಾಯುತ್ತಾರೆ ಎಂಬುದೇ ಅವಳಿಗೆ ಹೊಸದು.

ಅವಳು ಇದ್ದದ್ದು ಹಳೆಯ ಮನೆಯೊಂದರ ಕೆಳಗಿನ ಭಾಗದಲ್ಲಿ. ಮೇಲೆ ತಂಗಿ ಮತ್ತು ತಂಗಿಯ ಮಗಳು. ತಂಗಿಯ ಗಂಡ ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಮಗಳು ಚಿಕ್ಕ ಮೈಕಟ್ಟಿನವಳು, ಅದಕ್ಕೇ ಮನೆಯಲ್ಲಿ ಗುಬ್ಬಿ. ಕಾಲೇಜಿಗೆ ಹೋಗುತ್ತಿದ್ದ ಗುಬ್ಬಿ ಓದಿಗಿಂತ ಹೆಚ್ಚು ಹಾಡುತ್ತಿದ್ದಳು. ದೊಡ್ಡಮ್ಮನ ಪಕ್ಕ ಕೂತು ಹಾಡಿನ ಸ್ಪರ್ಧೆ ನೋಡಿಯೇ ಅವಳಿಗೆ ಆ ಹುಚ್ಚು ಹತ್ತಿದ್ದು. ಆ ವರ್ಷ ಗುಬ್ಬಿಯೇ ಆ ಸ್ಪರ್ಧೆಗೆ ಆಯ್ಕೆಯಾದಾಗ ಜಡ್ಜಮ್ಮ ಲಾಂಡ್ರಿಗೆಲ್ಲ ಸಿಹಿ ಹಂಚಿದಳು.

ಮೊದಲ ಸುತ್ತು ಚೆನ್ನಾಗಿ ಆಯಿತು. ಎರಡನೆಯದೂ ಆಯಿತು. ಮೂರನೆಯದರಲ್ಲಿ ಗುಬ್ಬಿ ಹಾಡುವ ಮುಂಚೆ ಒಂದು ಚಿಕ್ಕ ಚಿತ್ರ ತೋರಿಸಿದರು. ಖಾಲಿ ಕುರ್ಚಿ, ಕಿಟಕಿಯ ಬಳಿ ನಿಂತ ತಂಗಿ, ಹಿಂದೆ ಪಿಟೀಲು. "ಅಪ್ಪನಿಲ್ಲದ ಮಗಳ ಹಾಡು" ಎಂದಿತು ಒಂದು ಗಡಸು ದನಿ. ಆ ಅಪ್ಪ ಬೇರೆ ಊರಿನಲ್ಲಿ ಗುಂಡುಕಲ್ಲಿನ ಹಾಗೆ ಇದ್ದ. ಆಮೇಲೆ ಗುಬ್ಬಿ ಹಾಡಿದಳು. ಎರಡನೇ ಚರಣದಲ್ಲಿ ಶ್ರುತಿ ಜಾರಿತು, ಮೇಲಿನ ಸ್ವರ ಒಡೆಯಿತು, ಅಲ್ಲಿಂದ ಕೊನೆಯವರೆಗೆ ಮಗು ತಡವರಿಸಿತು. ತೀರ್ಪುಗಾರರು ಎದ್ದು ನಿಂತು ಕಣ್ಣೊರೆಸಿಕೊಂಡರು. ಅಂದಿನ ಅತಿ ಹೆಚ್ಚು ಅಂಕ ಗುಬ್ಬಿಗೇ.

ಆ ವಾರ ಜಡ್ಜಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಆದರೆ ಕೇಳುವವರು ಬಿಡಬೇಕಲ್ಲ? "ತೀರ್ಪು ಎಲ್ಲಿ?" "ಮನೆ ಹುಡುಗಿ ಅಂತ ನಾಲಿಗೆ ಬಿದ್ದುಹೋಯ್ತಾ?" "ಎಲ್ಲರಿಗೂ ಒಂದು ನ್ಯಾಯ, ತಂಗಿ ಮಗಳಿಗೆ ಒಂದು ನ್ಯಾಯ." ಹಗಲೆಲ್ಲ ಅದೇ ಮಾತು. ಅವಳು ಓದಿದಳು, ಫೋನು ಮಗುಚಿಟ್ಟಳು, ಮತ್ತೆ ಎತ್ತಿಕೊಂಡು ಓದಿದಳು. ಕೊನೆಗೆ ಊಟದ ಬಿಡುವಿನಲ್ಲಿ, ಮಡಚಿಟ್ಟ ಹೊದಿಕೆಗಳ ರಾಶಿಯ ಹಿಂದೆ ಕೂತು, ಕಡ್ಡಿ ಮುರಿದ ಹಾಗೆ ಫೋನಿಗೆ ಹೇಳಿ ಕಳಿಸಿಬಿಟ್ಟಳು:

"ಕೇಳಿ ಸ್ವಾಮಿ. ನಮ್ಮ ಹುಡುಗಿ ಎರಡನೇ ಚರಣದಲ್ಲಿ ಜಾರಿದಳು. ಆಮೇಲೆ ಎದ್ದೇಳಲಿಲ್ಲ. ಅಂಕ ಕೊಟ್ಟಿದ್ದು ಹಾಡಿಗಲ್ಲ, ಕಣ್ಣೀರಿಗೆ. ಆ ಕಣ್ಣೀರಿಗೂ ಕಾರಣ ಇಲ್ಲ, ಅವರಪ್ಪ ಬದುಕಿದ್ದಾನೆ. ನಮ್ಮವಳು ಅಂತ ನಾನು ಸುಳ್ಳು ಹೇಳಲ್ಲ."

ಹೇಳಿದ ಕೂಡಲೇ ಎದೆ ಹಗುರಾಯಿತು. ಆ ಹಗುರ ಸಂಜೆಯವರೆಗೂ ಉಳಿಯಲಿಲ್ಲ. ಹಿಂದೆಂದೂ ಯಾವ ತೀರ್ಪೂ ಅಷ್ಟು ಹರಡಿರಲಿಲ್ಲ. ಬೇರೆ ಸ್ಪರ್ಧಿಗಳ ಅಭಿಮಾನಿಗಳು ಅದನ್ನು ಹೊತ್ತು ಕುಣಿದರು. "ಸ್ವಂತ ದೊಡ್ಡಮ್ಮನೇ ಹೇಳಿದ್ಲು", "ಕಳ್ಳ ಕಣ್ಣೀರು", "ಮೋಸಗಾತಿ". ಆ ಕೊನೆಯ ಮಾತನ್ನು ಜಡ್ಜಮ್ಮ ಆಡಿರಲಿಲ್ಲ. ಅವಳ ದನಿಯ ಕೆಳಗೆ ಇನ್ಯಾರೋ ಬರೆದಿದ್ದರು. ಅಳಿಸಿಹಾಕಿ ಎಂದು ಪುಟದವರಿಗೆ ಫೋನು ಮಾಡಿದಳು. "ಅಳಿಸಿದ್ವಿ ಅಮ್ಮ, ಆದ್ರೆ ಅದು ಈಗ ಎಲ್ಲಾ ಕಡೆ ಇದೆ" ಎಂದರು. ಗುಬ್ಬಿ ಆಗ ತಾಯಿಯ ಜೊತೆ, ಬೇರೆ ಸ್ಪರ್ಧಿಗಳೊಂದಿಗೆ ಕಾರ್ಯಕ್ರಮದವರು ಕೊಟ್ಟ ವಸತಿಯಲ್ಲಿದ್ದಳು. ಅಲ್ಲಿ ಫೋನು ಕೊಡುತ್ತಿರಲಿಲ್ಲ. ಅವರಿಬ್ಬರಿಗೂ ತಿಳಿದಿರಲಾರದು ಎಂಬುದೊಂದೇ ಸಮಾಧಾನ.

ಮುಂದಿನ ವಾರ ಗುಬ್ಬಿ ವೇದಿಕೆಗೆ ಬಂದಳು. ನಿರೂಪಕ ಅವಳ ಹೆಗಲ ಮೇಲೆ ಕೈ ಇಟ್ಟು, "ನಿಮ್ಮ ಮನೆಯವರೊಬ್ಬರು ನಿಮ್ಮ ಬಗ್ಗೆ ಮಾತಾಡಿದ್ದಾರೆ, ಕೇಳೋಣ್ವಾ?" ಎಂದ. ಗುಬ್ಬಿಯ ಮುಖ ಅರಳಿತು. ಯಾರೋ ಹಾರೈಸಿದ್ದಾರೆ ಅಂದುಕೊಂಡಳು. ಆಮೇಲೆ ಆ ದೊಡ್ಡ ಸಭಾಂಗಣದ ತುಂಬ ಜಡ್ಜಮ್ಮನ ದನಿ ಮೊಳಗಿತು. ಕ್ಯಾಮೆರಾ ಹುಡುಗಿಯ ಮುಖದಿಂದ ಕದಲಲಿಲ್ಲ. ಅರಳಿದ ಮುಖ ಒಂದೊಂದೇ ಮಾತಿಗೆ ಮುದುಡುವುದನ್ನು ಜಡ್ಜಮ್ಮ ತನ್ನ ಕೋಣೆಯಲ್ಲಿ ಕೂತು ನೋಡಿದಳು. ಪ್ರೇಕ್ಷಕರ ಸಾಲಿನಲ್ಲಿ ತಂಗಿ ಕೂತಿದ್ದಳು. ಅವಳನ್ನೂ ತೋರಿಸಿದರು.

ಮರುದಿನ ಬೆಳಿಗ್ಗೆ ವಸತಿಯಿಂದ ಮರಳಿದ ತಂಗಿ ಅಕ್ಕನ ಬಾಗಿಲಲ್ಲೇ ನಿಂತಳು.

"ಊರವರ ಬಾಯಿಗೆ ಬಿದ್ದಿದ್ರೆ ತಡ್ಕೋತಿದ್ದೆ ಅಕ್ಕ. ಮನೆಯವರ ಬಾಯಿಗೇ ಬಿದ್ವಲ್ಲ."

"ನಾನು ಸುಳ್ಳು ಹೇಳಿಲ್ಲ ಕಣೇ."

"ನಿಜ ಹೇಳೋಕೆ ನಿಂಗೆ ಯಾರಾದ್ರೂ ಸಂಬಳ ಕೊಡ್ತಾರಾ?"

"ಅಪ್ಪ ಇಲ್ಲ ಅಂತ ತೋರಿಸಿದ್ರಲ್ಲ, ನೀನು ಹೇಗೆ ಒಪ್ಕೊಂಡೆ?"

ತಂಗಿ ಕಹಿಯಾಗಿ ನಕ್ಕಳು. "ಇದ್ದಾನಾ? ನಮ್ಮ ಪಾಲಿಗೆ ಎಲ್ಲಿದ್ದಾನೆ ತೋರ್ಸು. ಅಪ್ಪ ಇಲ್ಲ ಅಂತ ಹೇಳಿದ್ದು ನಾನೇ, ಕಾರ್ಯಕ್ರಮದವರಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬದುಕಿದ್ದೀಯ, ನಂಗೆ ಅವನು ಸತ್ತ ಹಾಗೇ ಅಂತ ನಿಂಗೆ ಗೊತ್ತಾಗ್ಲಿಲ್ವಾ?"

ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಜಡ್ಜಮ್ಮ ಜೀವನವಿಡೀ ಜಂಬದಿಂದ ಆಡಿದ್ದಳು. ಅವತ್ತು ಅದು ನಾಲಿಗೆಯವರೆಗೂ ಬರಲಿಲ್ಲ.

ಅದೇ ವಾರ ಕಾರ್ಯಕ್ರಮದ ಕಡೆಯ ಯುವಕನೊಬ್ಬ ಫೋನು ಮಾಡಿದ. ದನಿ ಬೆಣ್ಣೆಯಂತಿತ್ತು. "ಅಮ್ಮಾ, ನೀವು ಬರ್ಲೇಬೇಕು. ಜನ ಕಾಯ್ತಿದ್ದಾರೆ. ವೇದಿಕೆ ಮೇಲೆ ಹುಡುಗೀನ ಒಂದ್ಸಲ ಅಪ್ಕೊಂಡು ಕ್ಷಮೆ ಕೇಳಿಬಿಡಿ, ಅಷ್ಟೇ. ಅವಳಿಗೆ ಬೀಳೋ ಮತಗಳೂ ಜಾಸ್ತಿ ಆಗುತ್ತೆ." ಗುಬ್ಬಿಯ ಮುಖ ನೋಡಲು ಬೇರೆ ದಾರಿ ಇರಲಿಲ್ಲ. ಅವಳು ಒಪ್ಪಿಕೊಂಡಳು.

ಟೀವಿಯಲ್ಲಿ ಅರಮನೆಯಂತೆ ಕಾಣುತ್ತಿದ್ದ ಆ ಸಭಾಂಗಣ ಲಾಂಡ್ರಿಯ ಗೋದಾಮಿಗಿಂತ ಸ್ವಲ್ಪವೇ ದೊಡ್ಡದು. ಕಂಬಗಳು ಬಣ್ಣ ಬಳಿದ ಹಲಗೆಗಳು, ಹಿಂದೆ ತಂತಿಗಳ ಸಿಕ್ಕು. ಇನ್ನೂ ಯಾರೂ ಹಾಡಿರಲಿಲ್ಲ. ಆದರೆ ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನೊಬ್ಬ ಪ್ರೇಕ್ಷಕರೆದುರು ಕ್ಯಾಮೆರಾದ ಪಕ್ಕ ನಿಂತು, "ಈಗ ಎಲ್ಲರೂ ಬೇಜಾರಲ್ಲಿ ನೋಡಿ. ಚೆನ್ನಾಗಿದೆ. ಆ ಹಳದಿ ಬಟ್ಟೆ ಅಕ್ಕ, ಕಣ್ಣೊರೆಸ್ಕೊಳ್ಳಿ" ಎನ್ನುತ್ತಿದ್ದ. ಹಳದಿ ಬಟ್ಟೆಯವಳು ಒಣಗಿದ ಕಣ್ಣು ಒರೆಸಿಕೊಂಡಳು. ಇಂಥ ಎಷ್ಟು ಕಣ್ಣುಗಳ ಜೊತೆ ತಾನೂ ಅತ್ತಿದ್ದೆನಲ್ಲ ಎಂದು ಜಡ್ಜಮ್ಮನಿಗೆ ಆಗ ಹೊಳೆಯಿತು.

ಬೆಣ್ಣೆ ದನಿಯವನು ಬಂದು ಹೇಳಬೇಕಾದ ಮಾತು ಕಲಿಸಿದ. "ಚಿಕ್ಕವಳಿದ್ದಾಗ ನಂಗೂ ಹಾಡೋ ಆಸೆ ಇತ್ತು, ಆಗ್ಲಿಲ್ಲ, ಅದಕ್ಕೇ ಹೊಟ್ಟೆ ಉರಿದು ಹಾಗಂದೆ, ಅಂತ ಹೇಳಿ."

"ನಂಗೆ ಹಾಡೋ ಆಸೆ ಯಾವತ್ತೂ ಇರ್ಲಿಲ್ಲಪ್ಪ."

"ಇರ್ಲಿ ಅಮ್ಮ, ಇತ್ತು ಅಂತ ಹೇಳಿ. ಕಥೆಗೆ ಒಂದು ಕಾರಣ ಬೇಕಲ್ವಾ?"

ಗುಬ್ಬಿಯನ್ನು ಮೊದಲೇ ನೋಡಬೇಕೆಂದು ಅವಳು ಹಟ ಹಿಡಿದಳು. ಬಣ್ಣ ಹಚ್ಚುವ ಕೋಣೆಗೆ ಬಿಟ್ಟರು. ಗುಬ್ಬಿ ಕನ್ನಡಿಯ ಮುಂದೆ ಕೂತಿದ್ದಳು. ಒಬ್ಬಳು ಅವಳ ಕೂದಲು ಸುರುಳಿ ಮಾಡುತ್ತಿದ್ದಳು. ಹುಡುಗಿ ತಿರುಗಲಿಲ್ಲ, ಕನ್ನಡಿಯಲ್ಲೇ ನೋಡಿದಳು.

"ಊಟ ಆಯ್ತಾ?" ಎಂದಳು ಜಡ್ಜಮ್ಮ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಆಯ್ತು." ಆಮೇಲೆ ಗುಬ್ಬಿಯೇ ಹೇಳಿದಳು. "ಶ್ರುತಿ ಹೋಗಿದ್ದು ನಂಗೂ ಗೊತ್ತಿತ್ತು ದೊಡ್ಡಮ್ಮ. ಹಾಡ್ತಿರೋವಾಗ್ಲೇ ಗೊತ್ತಾಯ್ತು. ನೀನು ನೋಡ್ತಿರ್ತೀಯ, ಮನೆಗೆ ಬಂದಾಗ ಕಿವಿ ಹಿಂಡ್ತೀಯ ಅಂದ್ಕೊಂಡಿದ್ದೆ. ಮೊದ್ಲು ನಂಗೆ ಹೇಳ್ತೀಯ ಅಂದ್ಕೊಂಡಿದ್ದೆ."

"ತಪ್ಪಾಯ್ತು ಮಗಳೇ."

"ಈಗ ಹಾಡೋಕೆ ನಿಂತ್ರೆ ನಿನ್ನ ದನಿನೇ ಕೇಳ್ಸುತ್ತೆ. ಎರಡನೇ ಚರಣ ಬಂದ್ರೆ ಸಾಕು, ಗಂಟಲು ಕಟ್ಟುತ್ತೆ."

ಅಷ್ಟರಲ್ಲಿ ಕರೆ ಬಂತು. ವೇದಿಕೆಯ ಬೆಳಕಿಗೆ ಕಣ್ಣು ಕೋರೈಸಿತು. ಎದುರಿಗೆ ಯಾರೂ ಕಾಣಲಿಲ್ಲ. ನಿರೂಪಕ ಮೈಕು ಹಿಡಿದ. ಜಡ್ಜಮ್ಮ ಕಲಿಸಿದ ಮಾತು ಹೇಳಲಿಲ್ಲ. "ನಂಗೆ ಹೊಟ್ಟೆಕಿಚ್ಚೂ ಇಲ್ಲ, ಏನೂ ಇಲ್ಲ. ಹಾಡಿನ ಬಗ್ಗೆ ನಾನು ಹೇಳಿದ್ದು ನಿಜ. ಆದ್ರೆ ಅದನ್ನ ಊರಿಗೆಲ್ಲ ಹೇಳಿದ್ದು ತಪ್ಪು. ನಮ್ಮ ಮನೆ ಸಂಕಟದ ಬಗ್ಗೆ ಮಾತಾಡಿದ್ದು ಇನ್ನೂ ದೊಡ್ಡ ತಪ್ಪು. ಅದನ್ನ ನೀವು ಈ ಮಗು ಮುಖಕ್ಕೆ ಹಿಡಿದು ತೋರಿಸಿದ್ರಲ್ಲ, ಅದೂ ತಪ್ಪು" ಎಂದಳು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವನು ಕೈ ಎತ್ತಿದ. ಚಪ್ಪಾಳೆ ಬಿತ್ತು. ಗುಬ್ಬಿ ಬಂದು ಅವಳ ಹೆಗಲಿಗೆ ತಲೆ ಇಟ್ಟಳು. ನಿಜವಾಗಿ ಇಟ್ಟಳೋ, ಹೇಳಿದ್ದಕ್ಕೆ ಇಟ್ಟಳೋ, ದೊಡ್ಡಮ್ಮನಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಅಂಥ ಅಪ್ಪುಗೆಗಳನ್ನು ನೋಡಿ, ಇದು ನಿಜ ಇದು ನಾಟಕ ಎಂದು ಥಟ್ಟನೆ ಹೇಳುತ್ತಿದ್ದವಳಿಗೆ ತನ್ನ ಹೆಗಲ ಮೇಲಿನ ತಲೆಯದೇ ಗೊತ್ತಾಗಲಿಲ್ಲ.

ಪ್ರಸಾರದಲ್ಲಿ ಅವಳ ಬಾಯಿಂದ ಉಳಿದದ್ದು, "ಊರಿಗೆಲ್ಲ ಹೇಳಿದ್ದು ತಪ್ಪು" ಎಂಬ ಒಂದೇ ಮಾತು. ಅದರ ಹಿಂದೆ ಪಿಟೀಲು. ನಡುನಡುವೆ ಹಳದಿ ಬಟ್ಟೆಯವಳು ಕಣ್ಣೊರೆಸಿಕೊಂಡಳು. ಲಾಂಡ್ರಿಯಲ್ಲಿ ಎಲ್ಲರೂ, "ಎಷ್ಟು ಚೆನ್ನಾಗಿ ಕ್ಷಮೆ ಕೇಳಿದೆ ಕಣೇ, ನಾವೂ ಅತ್ವಿ" ಎಂದರು. ಹಾಗಲ್ಲ ಎಂದು ಹೇಳಹೊರಟವಳು ಮುಂದಿನ ಅಂಗಿಯನ್ನು ಮೇಜಿಗೆ ಎಳೆದುಕೊಂಡಳು.

ಮತಗಳು ಹೆಚ್ಚಿದವು ನಿಜ, ಆದರೆ ಹಾಡು ಸುಧಾರಿಸಲಿಲ್ಲ. ಎರಡು ಸುತ್ತುಗಳ ನಂತರ ಗುಬ್ಬಿ ಹೊರಬಿದ್ದಳು. ಮನೆಗೆ ಬಂದವಳು ಬಹಳ ದಿನ ಹಾಡಲಿಲ್ಲ. ಮೇಲಿನಿಂದ ಪಾತ್ರೆಯ ಸದ್ದು, ಕುರ್ಚಿ ಎಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಹಾಡು ಕಲಿಸುವ ಕೆಲಸಕ್ಕೆ ಸೇರಿದಳು. ಮಕ್ಕಳೆದುರು ಗಂಟಲು ಕಟ್ಟುವುದಿಲ್ಲ ಎಂದು ಒಮ್ಮೆ ಮೆಟ್ಟಿಲ ಮೇಲೆ ಸಿಕ್ಕಾಗ ಹೇಳಿದಳು. ದೊಡ್ಡವರೆದುರು ಇನ್ನೂ ಆಗುವುದಿಲ್ಲವಂತೆ. "ಆಗುತ್ತೆ ಬಿಡು" ಎನ್ನಲು ಜಡ್ಜಮ್ಮನಿಗೆ ಧೈರ್ಯ ಬರಲಿಲ್ಲ. "ಮಕ್ಕಳು ಮಾತು ಕೇಳ್ತಾವಾ?" ಎಂದು ಮಾತ್ರ ಕೇಳಿದಳು. "ಎಲ್ಲಿ ಕೇಳ್ತಾವೆ" ಎಂದು ಗುಬ್ಬಿ ಸ್ವಲ್ಪ ನಕ್ಕು ಮೇಲೆ ಹೋದಳು.

ಜಡ್ಜಮ್ಮ ಮತ್ತೆಂದೂ ಫೋನಿನಲ್ಲಿ ತೀರ್ಪು ಹೇಳಲಿಲ್ಲ. ಧಾರಾವಾಹಿ ಬಿಡಲಾಗಲಿಲ್ಲ, ಹಾಡಿನ ಸ್ಪರ್ಧೆ ಬಿಟ್ಟಳು. ತಂಗಿ ಮಾತ್ರ ಮಾತು ಬಿಟ್ಟವಳು ಬಿಟ್ಟೇಬಿಟ್ಟಳು. ಬಾಗಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದಳು.

ಬೇಸಿಗೆಯ ಒಂದು ಸಂಜೆ ಮೆಟ್ಟಿಲ ಮೇಲಿನಿಂದ ದನಿ ಬಂತು. "ಕೆಳಗೆ ನೀರು ಬರ್ತಿದೆಯಾ?"

ಜಡ್ಜಮ್ಮನಿಗೆ ತನ್ನನ್ನೇ ಕೇಳಿದ್ದೆಂದು ನಂಬಲು ಒಂದು ಕ್ಷಣ ಬೇಕಾಯಿತು. "ಬರ್ತಿದೆ. ಬಕೆಟ್ ತಗೊಂಡು ಬಾ" ಎಂದಳು.

ತಂಗಿ ಬಂದು ನಲ್ಲಿಯ ಕೆಳಗೆ ಬಕೆಟ್ ಇಟ್ಟಳು. ನೀರು ಸಣ್ಣಗೆ ಬೀಳುತ್ತಿತ್ತು. ಕೋಣೆಯಲ್ಲಿ ಟೀವಿ ನಡೆದಿತ್ತು. ತಂಗಿ ಅಕ್ಕನ ಕಡೆ ನೋಡದೆ ಪರದೆಯನ್ನೇ ನೋಡುತ್ತಾ ನಿಂತಳು. ಜಡ್ಜಮ್ಮ ಸದ್ದು ತಗ್ಗಿಸಿದಳು, ಅದೂ ತಪ್ಪೇನೋ ಎನಿಸಿ ಮತ್ತೆ ಏರಿಸಿದಳು. ಬಕೆಟ್ ತುಂಬಿತು. ತಂಗಿ ಅದನ್ನೆತ್ತಿಕೊಂಡು, "ಇನ್ನೊಂದು ಬೇಕು" ಎಂದು ಮೇಲೆ ಹೋದಳು. ಜಡ್ಜಮ್ಮ ನಲ್ಲಿ ನಿಲ್ಲಿಸದೆ, ತಂಗಿ ಮತ್ತೆ ಇಳಿದು ಬರುವವರೆಗೆ ನೀರು ಚೆಲ್ಲದಂತೆ ತನ್ನದೇ ಒಂದು ಪಾತ್ರೆಯನ್ನು ಅದರ ಕೆಳಗೆ ಹಿಡಿದು ನಿಂತಳು.