ಕಾಂಕ್ರೀಟಿಗೆ ಕುಡಿಸಿದ ಪಾನಕ

ನಮ್ಮ ಮನೆಯವರು ಸಂಡೂರಿನ ಗುಡ್ಡದಲ್ಲಿ ಕೊರೆಯುತ್ತಿರುವ ಸುರಂಗದಲ್ಲಿ ಕೆಲಸ ಮಾಡುತ್ತಾರೆ. ಬಂಡೆ ಸಿಡಿಸಿದ ಮೇಲೆ ಸುರಂಗದ ಚಾವಣಿಗೆ ಪೈಪಿನಿಂದ ಕಾಂಕ್ರೀಟು ಚಿಮ್ಮಿಸುವುದು ಅವರ ಕೆಲಸ. ಅದು ಗಟ್ಟಿಯಾಗಿ ಬಂಡೆಯನ್ನು ಹಿಡಿದುಕೊಳ್ಳುವ ಮೊದಲು ಅದಕ್ಕೆ ಹತ್ತಿರ ನಿಂತಿರುವವರೂ ಅವರೇ. ಮದುವೆಯಾಗಿ ಹೊಸಪೇಟೆಗೆ ಬಂದಾಗಿನಿಂದ, ಬೆಳಿಗ್ಗೆ ಕಂಪನಿ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತು ಹುಲಿಗೆಮ್ಮನನ್ನು ನೆನೆಯುತ್ತೇನೆ. ಸಂಜೆ ಅವರು ಬೂಟು ಬಿಚ್ಚಿದ ಸದ್ದು ಕೇಳಿದರೆ ಅವತ್ತಿನ ಮಟ್ಟಿಗೆ ನನಗೆ ಅಷ್ಟು ಸಾಕು.

ಒಂದು ದಿನ ಊಟಕ್ಕೆ ಕುಳಿತಾಗ, ಹೊಸ ಮಿಶ್ರಣ ಬರುತ್ತಿದೆ ಎಂದರು.

“ಅರ್ಧ ಸಿಮೆಂಟ್ ತೆಗದು ಉಕ್ಕಿನ ಕಾರ್ಖಾನ್ಯಾಗ ಉಳಿಯೋ ಕಿಟ್ಟದ ಪುಡಿ ಹಾಕ್ತಾರಂತ. ಸಿಮೆಂಟ್ ಸುಡೋ ಭಟ್ಟಿಯಿಂದ ಭಾಳ ಇಂಗಾಲ ಗಾಳಿಗೆ ಹೋಗ್ತೈತಿ, ಅದನ್ನ ಕಮ್ಮಿ ಮಾಡಬೇಕು ಅಂತಾರ ಮೇಡಂ.”

ಮೇಡಂ ಎಂದರೆ ಅಲ್ಲಿಯ ಕಾಂಕ್ರೀಟು ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ.

“ಮತ್ತ ಕಾಂಕ್ರೀಟಿನೊಳಗ ಹಾಕೋ ಕಬ್ಬಿಣ?”

“ಮೊದಲಿನಂಗಾ ತಂತಿ ಚೂರು. ನಿನ್ನ ತಲಿ ಪಿನ್ನಿನಷ್ಟು ಉದ್ದ ಇರ್ತಾವಲ್ಲ, ಅವನ್ನಾ ಕಲಸೋದು.”

“ಗಟ್ಟಿ ಆಗ್ತೈತೇನ್ರಿ?”

“ಆಗ್ತೈತಿ. ಸ್ವಲ್ಪ ನಿಧಾನ.”

ಆ ‘ನಿಧಾನ’ ಕೇಳಿದ ಮೇಲೆ ನನಗೆ ಅನ್ನ ಇಳಿಯಲಿಲ್ಲ.

ಕಂಪ್ಲಿಯಲ್ಲಿ ನನ್ನ ತಾತ ಗಾರೆ ಕೆಲಸದವರಾಗಿದ್ದರು. ಸುಣ್ಣದ ಗಾರೆ ಅರೆಯುವಾಗ ಬೆಲ್ಲದ ನೀರು ಹಾಕುತ್ತಿದ್ದರು. ಚಿಕ್ಕವಳಿದ್ದಾಗ ಹಂಪಿಗೆ ಕರೆದುಕೊಂಡು ಹೋಗಿ ಹಳೆಯ ಗೋಡೆಯೊಂದನ್ನು ಬೆರಳಿನಿಂದ ತಟ್ಟಿ, “ಬೆಲ್ಲ ಉಂಡೈತಿ ನೋಡವ್ವ, ಅದಕ್ಕ ಅಲ್ಲಾಡಂಗಿಲ್ಲ” ಎಂದಿದ್ದರು. ಈಗ ಅದೇ ನೆನಪಾಯಿತು.

ಹೊಸ ಮಿಶ್ರಣವನ್ನು ಮೊದಲು ಸುರಂಗದ ಬಾಯಲ್ಲಿ ಒಂದು ಗೋಡೆಗೆ ಹೊಡೆದು ನೋಡುವವರಿದ್ದರು. ಅವತ್ತು ಶುಕ್ರವಾರ, ಅಲ್ಲಿ ಪೂಜೆಯೂ ಇತ್ತು. ತವರಿನಿಂದ ಬಂದ ಎರಡು ಅಚ್ಚು ಬೆಲ್ಲ ಕರಗಿಸಿ, ಏಲಕ್ಕಿ ಹಾಕಿ, ದೇವರ ಮುಂದಿಟ್ಟು ಕ್ಯಾನಿಗೆ ತುಂಬಿದೆ.

“ಎಲ್ಲಾರಿಗೂ ಒಂದೊಂದು ಲೋಟ ಕೊಡ್ರಿ. ಉಳಿದದ್ದು ಅದಕ್ಕ ಕುಡಿಸ್ರಿ.”

“ಯಾರಿಗೆ?”

“ಕಾಂಕ್ರೀಟಿಗೆ.”

“ನನಗಿಂತ ಅದರ ಮ್ಯಾಲಾ ನಿನಗ ಪ್ರೀತಿ ಜಾಸ್ತಿ ಆತು” ಎಂದು ನಗುತ್ತಾ ಒಯ್ದರು.

ಸಂಜೆ ಬಂದಾಗ ಅವರ ಎಡಭುಜದಿಂದ ಮೊಣಕೈವರೆಗೆ ಬೂದುಬಣ್ಣದ ಕೆಸರು ಒಣಗಿತ್ತು. ಗೋಡೆಗೆ ಹೊಡೆದ ಕಾಂಕ್ರೀಟು ಹಿಡಿಯದೆ, ಇಡೀ ಪದರವೇ ಜಾರಿ ಅವರು ನಿಂತಿದ್ದ ಜಾಗಕ್ಕೇ ಬಿದ್ದಿತ್ತು. ಮಡಚಿಕೊಂಡ ಪೈಪನ್ನು ಸರಿಮಾಡಲು ಅವರು ಆಗಷ್ಟೇ ಪಕ್ಕಕ್ಕೆ ಸರಿದಿದ್ದರು. ನಾನು ಅವರ ತಲೆ, ಭುಜ, ಬೆನ್ನು ಮುಟ್ಟಿ ಮುಟ್ಟಿ ನೋಡಿದೆ.

“ಪಾನಕ ಹಾಕಿದ್ರೇನು?”

“ನಿನ್ನ ಮಾತು ಮೀರಾಕಾಗ್ತೈತೇನು? ಅರ್ಧ ಕ್ಯಾನ್ ಮಿಕ್ಸರ್‌ನ್ಯಾಗ ಸುರುವಿದೆ.”

ಸದ್ಯ, ಬೆಲ್ಲ ಬಿದ್ದದ್ದಕ್ಕೆ ಇಷ್ಟಕ್ಕೇ ಮುಗಿಯಿತು ಎಂದುಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮರುದಿನ ಅವರು ಕೆಲಸದಿಂದ ಬಂದವರು ಬೂಟು ಬಿಚ್ಚದೆ ಕಟ್ಟೆಯ ಮೇಲೆ ಕುಳಿತರು. ಆಮೇಲೆ ಹೇಳಿದರು: “ಮೇಡಂ ಬಿದ್ದ ಮುದ್ದಿ ಕೈಯಾಗ ಹಿಡಕೊಂಡು ನಿಂತಿದ್ರು. ಸಕ್ಕರಿ ಬಿದ್ದರ ಸಿಮೆಂಟ್ ಗಟ್ಟಿ ಆಗಂಗಿಲ್ಲ, ಇಲ್ಲಿ ಸಕ್ಕರಿ ಎಲ್ಲಿಂದ ಬರಬೇಕು ಅಂತಿದ್ರು.”

ತಾತನ ಸುಣ್ಣಕ್ಕೆ ಶಕ್ತಿ ಕೊಟ್ಟದ್ದು ಸಿಮೆಂಟಿಗೆ ವಿಷವಂತೆ. ನನಗೆ ಯಾರು ಹೇಳಬೇಕಿತ್ತು? ಅವರನ್ನು ಕಾಯಲಿ ಎಂದು ನಾನೇ ಕೈಯಾರೆ ಕಳಿಸಿದ್ದು ಅವರ ತಲೆಯ ಮೇಲೇ ಬೀಳುವುದಿತ್ತು.

“ನೀವೇನಂದ್ರಿ?”

“ಏನಂದೇನು? ಸುಮ್ಮನ ನಿಂತೆ. ಎಲ್ಲಾರೂ ಕಿಟ್ಟದ ಪುಡಿದಾ ತಪ್ಪು ಅಂತಾರ. ನೀನೂ ಸುಮ್ಮನಿರು. ಹಳೇ ಮಿಶ್ರಣಾ ವಾಪಸ್ ಬರ್ತೈತಿ. ನಿನಗೂ ಅದಾ ಬೇಕಾಗಿತ್ತಲ್ಲ.”

ನನಗೆ ಬೇಕಾಗಿದ್ದದ್ದು ಅದೇ. ಬಾಯಿ ಬಿಟ್ಟರೆ ಅವರ ಕೆಲಸ ಹೋಗಬಹುದು, ಉಳಿದರೂ ಅದೇ ನಿಧಾನದ ಕಾಂಕ್ರೀಟಿನ ಕೆಳಗೆ ನಿಲ್ಲಬೇಕು. ಸುಮ್ಮನಿದ್ದರೆ ಎರಡೂ ಇಲ್ಲ, ಆ ಹುಡುಗಿಯ ಮೇಲೆ ಮಾತ್ರ ಅಪವಾದ. ದೇವರ ಮುಂದೆ ಹೋಗಿ ನಿಂತೆ. ಹುಲಿಗೆಮ್ಮನೇ ಅವರನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದ್ದಳು. ಆ ಕೃಪೆ ಪಡೆದ ಮೇಲೆ ಸುಳ್ಳು ಹೇಳುವ ಧೈರ್ಯ ನನಗಾಗಲಿಲ್ಲ. ಅವರ ಫೋನು ತೆಗೆದುಕೊಂಡು ನಾನೇ ಮೇಡಂಗೆ ಹಚ್ಚಿದೆ.

“ತಪ್ಪು ನಂದರಿ, ಮೇಡಂ. ಬೆಲ್ಲದ ಪಾನಕ ನಾನಾ ಕಳಿಸಿದ್ದೆ, ಮಿಕ್ಸರಿಗೆ ಹಾಕ್ರಿ ಅಂದಾಕಿನೂ ನಾನಾ.”

ಆ ಕಡೆ ಕಾಗದ ತಿರುವಿದ ಸದ್ದಾಯಿತು.

“ಎಷ್ಟು ಬೆಲ್ಲ?”

“ಎರಡು ಅಚ್ಚು. ಎಲ್ಲಾರೂ ಕುಡಿದು ಅರ್ಧ ಉಳಿದಿತ್ತಂತರಿ.”

“ಅಂದ್ರೆ ಒಂದು ಅಚ್ಚು” ಎಂದರು. ಬರೆದುಕೊಂಡರೆಂದು ಕಾಣುತ್ತದೆ. “ನಿಮ್ಮ ಮನೆಯವ್ರ ಕೆಲಸಕ್ಕೆ ಏನೂ ಆಗಲ್ಲಮ್ಮ, ನಾನು ಮಾತಾಡ್ತೀನಿ. ಆದ್ರೆ ನಾಳೆ ಬೆಲ್ಲ ಇಲ್ದೆ ಅದೇ ಮಿಶ್ರಣ ಮತ್ತೆ ಅವ್ರೇ ಹೊಡೀಬೇಕು. ಪಕ್ಕದಲ್ಲಿ ನಾನೂ ನಿಂತಿರ್ತೀನಿ.”

ಮರುದಿನ ನಾನು ಬಡಿದ ರೊಟ್ಟಿಗಳೆಲ್ಲ ಸೀದವು. ಬೀದಿಯಲ್ಲಿ ಯಾವ ಗಾಡಿ ನಿಂತರೂ ಬಾಗಿಲಿಗೆ ಓಡುತ್ತಿದ್ದೆ. ಸಂಜೆ ಬಂದವರ ಅಂಗಿಯ ಭುಜವನ್ನೇ ಮೊದಲು ನೋಡಿದೆ. ಬರೀ ಕೆಮ್ಮಣ್ಣಿನ ಧೂಳಿತ್ತು.

“ಹಿಡೀತು” ಎಂದರು. “ಬುತ್ತಿ ಉಂಡು ಬಂದು ಉಗುರಿಲೆ ಕೆರದೆ. ನನ್ನ ಉಗುರಾ ಸವೀತು.”

ಈಗ ಅದೇ ಮಿಶ್ರಣ ಸುರಂಗದೊಳಗಿನ ಚಾವಣಿಗೂ ಏರಿದೆ. ಪೂಜೆಯ ಕಾಯಿ, ಪ್ರಸಾದ ಎಲ್ಲ ಗೇಟಿನ ಹತ್ತಿರವೇ ಮುಗಿಯಬೇಕೆಂದು ಮೇಡಂ ಕಟ್ಟುನಿಟ್ಟು ಮಾಡಿದ್ದಾರೆ. ನನ್ನ ಭಯ ಹೋಗಿಲ್ಲ, ಬಾಗಿಲಲ್ಲಿ ನಿಲ್ಲುವುದೂ ತಪ್ಪಿಲ್ಲ. ಅವರ ಬುತ್ತಿಗೆ ಮಾತ್ರ ಸಿಹಿ ಕಟ್ಟುವುದಿಲ್ಲ. ಹಬ್ಬದ ದಿನ ಕೆಲಸವಿದ್ದರೆ ಹೋಳಿಗೆಯನ್ನು ಮುಚ್ಚಿಟ್ಟಿರುತ್ತೇನೆ, ಸಂಜೆ ಮನೆಗೆ ಬಂದೇ ತಿನ್ನಲಿ ಎಂದು.