ಎತ್ತು ಮೂಸಿದ ಮೋಟಾರ್ ಸೈಕಲ್

ಹುಣಸೂರು ಬಿಟ್ಟು ಹೆಗ್ಗಡದೇವನಕೋಟೆಯ ದಾರಿ ಹಿಡಿದಿದ್ದೆ. ಕೊಡಗಿನ ಕಾಫಿ ತೋಟದ ಮ್ಯಾನೇಜರೊಬ್ಬರು ಓಡಿಸಿ ಮಾರಿದ ಆರುನೂರೈವತ್ತು ಸಿಸಿಯ ಮೋಟಾರ್ ಸೈಕಲ್ ನನ್ನದು. ಹಳೆಯದಾದರೇನು, ಎಂಥ ಏರಿನಲ್ಲೂ ಆಕ್ಸಿಲರೇಟರಿನ ಕಿವಿ ಹಿಂಡಿದರೆ ಸಾಕು, ನಮ್ಮ ಎದೆಯೊಳಗೇ ಗುಡುಗಿದಂತೆ ಮುನ್ನುಗ್ಗುತ್ತದೆ.

ತಿರುವಿನಲ್ಲಿ ಹೊಗೆಸೊಪ್ಪು ಹೇರಿದ ಎತ್ತಿನಗಾಡಿ ಎದುರಾಯಿತು. ನನ್ನ ಸದ್ದಿಗೆ ಎತ್ತುಗಳು ಬೆದರಿ ಚರಂಡಿಯತ್ತ ಜಗ್ಗಿದವು. ಒಂದು ಚಕ್ರ ಅಂಚಿಗೇ ಬಂದು ನಿಂತಿತು.

“ಇಂಜಿನ್ ಆರ್ಸಿ ಸ್ವಾಮಿ, ಮೊದ್ಲು ಆರ್ಸಿ!” ರೈತ ಕೆಳಗೆ ಹಾರಿ ಮೂಗುದಾರ ಹಿಡಿದ.

ಎಂಜಿನ್ ಆರಿಸಿ, ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ತಳ್ಕೊಂಡು ಅತ್ರ ತನ್ನಿ,” ಎಂದ ಆತ. “ಒಸಾ ಜೋಡಿ ಕಣ್ರೀ. ಒಂದ್ಸಲ ಮೂಸ್ಲಿ ಬುಡಿ, ಆಮೇಲೆ ಬೆದರಾಕಿಲ್ಲ.”

ಅಷ್ಟು ಭಾರವನ್ನು ತಳ್ಳಿ ಎತ್ತುಗಳ ಮೂತಿಯ ಮುಂದೆ ನಿಲ್ಲಿಸಿದೆ. ಎಡಗಡೆಯದು ದೀಪ ಮೂಸಿತು, ಹ್ಯಾಂಡಲ್ ಮೂಸಿತು. ನಾನು ದಿನಾ ಬೆಳಿಗ್ಗೆ ಉಜ್ಜಿ ಹೊಳಪಿಸುವ ಪೆಟ್ರೋಲ್ ಟ್ಯಾಂಕನ್ನು ಉದ್ದಕ್ಕೂ ನೆಕ್ಕಿತು.

“ಈಗ ಸ್ಟಾರ್ಟ್ ಮಾಡಿ, ಮೆಲ್ಲಗೆ.”

ಎಂಜಿನ್ ಗುಡುಗಿತು. ರೈತನ ಅಂಗೈ ಎತ್ತಿನ ಕೊರಳ ಮೇಲಿತ್ತು. ಕಿವಿಗಳು ಅಲುಗಿದವು, ಕಾಲು ಕದಲಲಿಲ್ಲ.

“ಏನ್ ಗಂಟ್ಲು ಬುಡಿ ಇದ್ರದು!” ಆತ ನಕ್ಕ. “ವಾಪಸ್ಸೂ ಇದೇ ದಾರೀಲಿ ಬನ್ನಿ. ಇವು ಗುರ್ತು ಇಡೀತವೆ.”

ಹೆಗ್ಗಡದೇವನಕೋಟೆಯ ಹೋಟೆಲಿನ ಮುಂದೆ ಕೂತು ಇದನ್ನು ಬರೆಯುತ್ತಿದ್ದೇನೆ. ಟ್ಯಾಂಕಿನ ಧೂಳಿನ ನಡುವೆ ನಾಲಿಗೆಯಗಲದ ಪಟ್ಟಿಯೊಂದು ಹೊಳೆಯುತ್ತಿದೆ. ಒರೆಸುವ ಬಟ್ಟೆ ಜೇಬಿನಲ್ಲೇ ಇದೆ.